ಬಿದ್ದ ಮರಕ್ಕೆ ಸಾಕ್ಷಿ ಯಾರು?

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ ಬೀದಿಮರಗಳ ಕೊಂಬೆ ಸವರುವ ಕ್ರಮದ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಂಬೆಯನ್ನು ಬಿಟ್ಟು ನೇರವಾಗಿ ಬುಡದ ಪ್ರಶ್ನೆಗೇ ಬಂದಿವೆ: ಅನುಮತಿಯಿಲ್ಲದೆ ಸಾರ್ವಜನಿಕ ಮರವನ್ನು ಕಡಿದರೆ ಏನಾಗುತ್ತದೆ, ಏನಾಗಬೇಕು? ಮೈಸೂರು ಮತ್ತು ಮಂಡ್ಯದಿಂದ ಬಂದ ಆರು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಬೀದಿಯ ತಿರುವಿನಲ್ಲಿ, ಪಾದಚಾರಿ ಮಾರ್ಗದ ಮೇಲೆ, ಸುಮಾರು ನಲವತ್ತು ವರ್ಷದ ಹೊಂಗೆ ಮರವೊಂದಿತ್ತು. ಅದರ ಹಿಂದಿನ ನಿವೇಶನದಲ್ಲಿ ಅಂಗಡಿ ಮಳಿಗೆಗಳ ಕಟ್ಟಡ ಏಳುತ್ತಿದೆ. ಒಂದು ಭಾನುವಾರ ಬೆಳಗ್ಗೆ ಎದ್ದು ನೋಡಿದರೆ ಮರವಿರಲಿಲ್ಲ. ಬುಡದ ಮೇಲೆ ಮಣ್ಣು ಎಳೆದು ಜಲ್ಲಿ ಸುರಿದಿದ್ದರು. ಕೇಳಿದರೆ ‘ಪರ್ಮಿಷನ್ ಇದೆ’ ಎನ್ನುತ್ತಾರೆ, ತೋರಿಸುವುದಿಲ್ಲ. ಒಂದು ಕಚೇರಿಯವರು ಇನ್ನೊಂದು ಕಚೇರಿಗೆ ಹೋಗಿ ಎಂದರು, ಅಲ್ಲಿಯವರು ಮತ್ತೆ ಮೊದಲಿನದಕ್ಕೇ ಕಳಿಸಿದರು. ನಾನೀಗ ಮಾಡಬೇಕಾದುದೇನು?
— ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮನ್ನು ಎರಡು ಕಚೇರಿಗಳ ನಡುವೆ ಓಡಾಡಿಸುವುದಕ್ಕೆ ಆಸ್ಪದ ಕೊಟ್ಟಿರುವುದು ವ್ಯವಸ್ಥೆಯ ಸ್ವರೂಪವೇ. ರಸ್ತೆ ಮತ್ತು ಪಾದಚಾರಿ ಮಾರ್ಗದ ಮರಗಳನ್ನು ನೋಡಿಕೊಳ್ಳಬೇಕಾದುದು ಮಹಾನಗರ ಪಾಲಿಕೆ. ಆದರೆ ಅವುಗಳನ್ನು ಕಡಿಯಲು ಅನುಮತಿ ಕೊಡುವ ಅಥವಾ ನಿರಾಕರಿಸುವ ಅಧಿಕಾರವಿರುವುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ನೇಮಕಗೊಂಡ ವೃಕ್ಷಾಧಿಕಾರಿಗೆ, ಅಂದರೆ ಅರಣ್ಯ ಇಲಾಖೆಯ ಅಧಿಕಾರಿಗೆ. ಪಾಲಿಕೆಗೇ ಒಂದು ಮರ ತೆಗೆಯಬೇಕೆನಿಸಿದರೂ ಅದು ಅರ್ಜಿ ಹಾಕಿಕೊಂಡು ಈ ಅಧಿಕಾರಿಯ ಬಾಗಿಲಿಗೇ ಹೋಗಬೇಕು. ಆದ್ದರಿಂದ ‘ಪರ್ಮಿಷನ್’ ಎಂಬುದು ನಿಜವಾಗಿ ಇದ್ದರೆ ಅದರ ಪ್ರತಿ ಮೈಸೂರಿನ ಅಶೋಕಪುರಂನಲ್ಲಿರುವ ಅರಣ್ಯ ಭವನದ ಕಡತದಲ್ಲಿರಬೇಕು. ಗುತ್ತಿಗೆದಾರನ ಜೇಬಿನಲ್ಲಿ ಮಾತ್ರ ಇರುವ ಅನುಮತಿ ಅನುಮತಿಯಲ್ಲ.

ದೂರನ್ನು ಲಿಖಿತವಾಗಿ, ಒಂದೇ ಒಕ್ಕಣೆಯಲ್ಲಿ, ಮೂರು ಕಡೆಗೆ ಕೊಡಿ: ವೃಕ್ಷಾಧಿಕಾರಿಗೆ, ಪಾಲಿಕೆಯ ಆಯುಕ್ತರಿಗೆ ಮತ್ತು ನಿಮ್ಮ ಪೊಲೀಸ್ ಠಾಣೆಗೆ. ಮೂರರಲ್ಲೂ ಉಳಿದಿಬ್ಬರಿಗೆ ಪ್ರತಿ ಕಳಿಸಿರುವುದನ್ನು ನಮೂದಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಆಗ ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂಬ ಉತ್ತರ ಬಾಯಿಮಾತಿನಲ್ಲಿ ಹಾರಿಹೋಗುವುದಿಲ್ಲ. ಹಾಗೆನ್ನುವವರು ಅದನ್ನು ಬರೆದುಕೊಡಬೇಕಾಗುತ್ತದೆ. ಪೊಲೀಸರಿಗೇಕೆ ಎಂದು ನೀವು ಕೇಳಬಹುದು. ನೆಲಕ್ಕೆ ಅಂಟಿಕೊಂಡಿರುವ ಮರ ಸ್ಥಿರ ಸ್ವತ್ತು, ಅದನ್ನು ‘ಕದಿಯಲು’ ಬರುವುದಿಲ್ಲ. ಆದರೆ ಬೇರಿನಿಂದ ಬೇರ್ಪಟ್ಟ ಕ್ಷಣದಲ್ಲಿ ಅದು ಚರ ಸ್ವತ್ತಾಗುತ್ತದೆ, ಒಯ್ದವನ ಮೇಲೆ ಕಳ್ಳತನದ ಆರೋಪ ಬರುತ್ತದೆ. ಹಳೆಯ ದಂಡ ಸಂಹಿತೆಯ 378ನೆಯ ಕಲಮು ಕಳ್ಳತನ ಎಂದರೇನು ಎಂದು ವಿವರಿಸಲು ಕೊಟ್ಟ ಮೊತ್ತಮೊದಲ ಉದಾಹರಣೆಯೇ ಇನ್ನೊಬ್ಬರ ನೆಲದಲ್ಲಿ ಮರ ಕಡಿದದ್ದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಲ್ಲೂ ಅದೇ ತತ್ತ್ವ ಮುಂದುವರಿದಿದೆ. ಠಾಣೆಯಲ್ಲಿ ‘ಮರದ ವಿಷಯ ಅರಣ್ಯ ಇಲಾಖೆಯದು’ ಎಂದು ವಾಪಸು ಕಳಿಸಲು ನೋಡಿದರೆ ಈ ಮಾತನ್ನು ವಿನಯದಿಂದ ಎತ್ತಿ.

ಇಷ್ಟೆಲ್ಲ ಮಾಡಿದ ಮೇಲೂ ಪ್ರಕರಣ ನಿಲ್ಲುವುದು ಅಥವಾ ಬೀಳುವುದು ಒಂದೇ ವಿಷಯದ ಮೇಲೆ: ಅಲ್ಲಿ ಮರವಿತ್ತು, ಇಷ್ಟು ದಪ್ಪದ್ದಿತ್ತು, ಜೀವಂತವಾಗಿತ್ತು ಎಂಬುದನ್ನು ನೀವು ತೋರಿಸಬಲ್ಲಿರಾ? ಜಲ್ಲಿ ಸುರಿದವರಿಗೆ ಇದು ಚೆನ್ನಾಗಿ ಗೊತ್ತಿದೆ. ಉಳಿದಿರುವ ಬುಡವೇ ನಿಮ್ಮ ಮುಖ್ಯ ದಾಖಲೆ. ಅದನ್ನು ಕಿತ್ತು ಹಾಕುವ ಮೊದಲು ಸ್ಥಳ ಮಹಜರು ಆಗಬೇಕೆಂದು ದೂರಿನಲ್ಲಿ ಸ್ಪಷ್ಟವಾಗಿ ಬೇಡಿಕೆ ಇಡಿ. ಅಡ್ಡಕೊಯ್ತದ ಉಂಗುರ ಎಣಿಸಿ ವಯಸ್ಸು ಹೇಳುತ್ತೇವೆಂದು ಹೊರಡಬೇಡಿ, ನಮ್ಮ ಹವೆಯಲ್ಲಿ ಬೆಳೆಯುವ ಹೊಂಗೆಯಂಥ ಮರಗಳಲ್ಲಿ ಉಂಗುರಗಳು ಆ ಮಟ್ಟಿಗೆ ನಂಬಿಕೆಗೆ ಅರ್ಹವಲ್ಲ. ಬುಡದ ವ್ಯಾಸವನ್ನು ಅಳೆದು, ಅಳತೆಪಟ್ಟಿ ಕಾಣುವಂತೆ ಚಿತ್ರ ತೆಗೆದರೆ ಸಾಕು. ಮರ ನಿಂತಿದ್ದಾಗಿನ ಚಿತ್ರಕ್ಕೆ ಎದುರು ಮನೆಯವರ ಗೃಹಪ್ರವೇಶದ ಆಲ್ಬಂ, ಗಣೇಶನ ಮೆರವಣಿಗೆಯ ವಿಡಿಯೊ, ಗೂಗಲ್ ಅರ್ಥ್‌ನ ಹಳೆಯ ಉಪಗ್ರಹ ಚಿತ್ರ, ಯಾವುದಾದರೂ ಆದೀತು. ದಿಮ್ಮಿ ಹೊರಹೋದ ಲಾರಿ ಪಕ್ಕದ ಅಂಗಡಿಯ ಸಿಸಿ ಕ್ಯಾಮೆರಾದಲ್ಲಿ ಸಿಕ್ಕಿದ್ದರೆ, ಆ ದೃಶ್ಯ ಅಳಿಸಿಹೋಗುವ ಮೊದಲು ಪ್ರತಿ ಮಾಡಿಸಿಕೊಳ್ಳಿ. ದಿಮ್ಮಿಯ ದಾರಿ ಹಿಡಿದು ಹೋದವರಿಗೆ ಕಡಿಸಿದವರು ಯಾರೆಂಬುದು ಬಹಳ ಸಲ ಸಾ ಮಿಲ್ಲಿನ ಬಾಗಿಲಲ್ಲೇ ತಿಳಿದಿರುವುದುಂಟು.

ಕೊನೆಗೆ, ಮಾಹಿತಿ ಹಕ್ಕಿನ ಒಂದು ಅರ್ಜಿ. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, ನೂರೈವತ್ತು ಪದಗಳ ಮಿತಿ. ನಮ್ಮ ರಾಜ್ಯದ ನಿಯಮ ಅದು. ‘ಇಂಥ ಸ್ಥಳದ ಹೊಂಗೆ ಮರದ ತೆರವಿಗೆ ಬಂದ ಅರ್ಜಿ, ಸ್ಥಳ ಪರಿಶೀಲನಾ ವರದಿ ಮತ್ತು ಆದೇಶದ ಪ್ರತಿ’ ಎಂದಷ್ಟೇ ಕೇಳಿ. ಅಂಥದ್ದು ಯಾವುದೂ ಇಲ್ಲ ಎಂಬ ಹಿಂಬರಹ ಬಂದರೆ, ಅದಕ್ಕಿಂತ ಒಳ್ಳೆಯ ಸಾಕ್ಷ್ಯ ನಿಮಗೆ ಬೇರೆ ಬೇಡ.

ಪ್ರಶ್ನೆ: ಸಿಕ್ಕಿಬಿದ್ದವರು ಕಟ್ಟುವ ದಂಡ ಅವರ ಒಂದು ದಿನದ ಟೀ ಖರ್ಚಿಗೂ ಸಮನಾಗಿರುವುದಿಲ್ಲ ಎಂದು ಕೇಳಿದ್ದೇನೆ. ಬೇರೆ ಊರುಗಳಲ್ಲಿ, ಬೇರೆ ದೇಶಗಳಲ್ಲಿ ಇಂಥವರನ್ನು ಹೇಗೆ ದಂಡಿಸುತ್ತಾರೆ?
— ಸರಸ್ವತಿಪುರಂ, ಮೈಸೂರು

ಉತ್ತರ: ನೀವು ಕೇಳಿರುವುದರಲ್ಲಿ ನಿಜಾಂಶವಿದೆ. ನಮ್ಮ ಕಾಯ್ದೆಯನ್ನು 1976ರಲ್ಲಿ ಬರೆದಾಗ ಗೊತ್ತುಮಾಡಿದ್ದ ಶಿಕ್ಷೆ ಮೂರು ತಿಂಗಳವರೆಗಿನ ಸಜೆ, ಅಥವಾ 1,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಅಂದಿನ ಸಾವಿರಕ್ಕೆ ಸಾಕಷ್ಟು ಭಾರವಿತ್ತು. ಇಂದಿನ ಕಟ್ಟಡ ಮಾಲೀಕನಿಗೆ ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ದಿಲ್ಲಿಯ 1994ರ ಕಾಯ್ದೆಯಲ್ಲಿ ಸಜೆಯ ಅವಧಿ ಒಂದು ವರ್ಷದವರೆಗೆ ಏರಿತಾದರೂ ದಂಡದ ಮೊತ್ತ ಅದೇ ಸಾವಿರಕ್ಕೆ ನಿಂತಿತು.

ಈ ಬಡ ಕಾನೂನುಗಳ ಮೇಲೆ ನ್ಯಾಯಾಲಯಗಳು ಆಗಾಗ ತಮ್ಮದೇ ಲೆಕ್ಕ ಹಾಕಿವೆ. ತಾಜ್ ಮಹಲಿನ ರಕ್ಷಣೆಗಾಗಿ ಗುರುತಿಸಿದ ತಾಜ್ ಟ್ರಪೀಜಿಯಂ ವಲಯಕ್ಕೆ ಸೇರಿದ ಮಥುರಾ–ವೃಂದಾವನ ಪ್ರದೇಶದಲ್ಲಿ 454 ಮರಗಳನ್ನು ಕಡಿಸಿದ ಪ್ರಕರಣದಲ್ಲಿ, 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮರವೊಂದಕ್ಕೆ 1 ಲಕ್ಷ ರೂಪಾಯಿಯಂತೆ ದಂಡ ವಿಧಿಸಿತು. ಒಟ್ಟು 4 ಕೋಟಿ 54 ಲಕ್ಷ. ಇಲ್ಲಿ ಗಮನಿಸಬೇಕಾದುದು ಮೊತ್ತಕ್ಕಿಂತ ಹೆಚ್ಚಾಗಿ ಅದನ್ನು ಎಣಿಸಿದ ಕ್ರಮ. ‘ಒಂದು ಅಪರಾಧ, ಒಂದು ದಂಡ’ ಎಂಬಲ್ಲಿ ನೂರು ಮರ ಕಡಿದವನಿಗೆ ಒಂದು ಮರದ ಶಿಕ್ಷೆಯಾಗುತ್ತದೆ. ಮರವೊಂದಕ್ಕೆ ಇಷ್ಟು ಎಂದಾಗ ಕೊಡಲಿಯ ಪ್ರತಿ ಏಟಿಗೂ ಬೆಲೆ ಕಟ್ಟಿದಂತಾಗುತ್ತದೆ.

ಹಾಗಾದರೆ ಒಂದು ಮರದ ಬೆಲೆ ಎಷ್ಟು? ಪಶ್ಚಿಮ ಬಂಗಾಳದಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ 356 ಮರಗಳನ್ನು ಕಡಿಯುವ ಪ್ರಶ್ನೆ ಬಂದಾಗ ಸುಪ್ರೀಂ ಕೋರ್ಟ್ ನೇಮಿಸಿದ್ದ ತಜ್ಞರ ಸಮಿತಿ, ಮರದ ವಯಸ್ಸನ್ನು 74,500 ರೂಪಾಯಿಯಿಂದ ಗುಣಿಸಬೇಕೆಂದು ಹೇಳಿತು. ಆ ಸೂತ್ರದಂತೆ ಕುವೆಂಪುನಗರದ ಆ ನಲವತ್ತು ವರ್ಷದ ಹೊಂಗೆಗೆ 29 ಲಕ್ಷ 80 ಸಾವಿರ ರೂಪಾಯಿ. ಕೇಳಲು ಸೊಗಸಾಗಿದೆ, ಆದರೆ ನನಗೆ ಈ ಲೆಕ್ಕದ ಮೇಲೆ ಪೂರ್ಣ ನಂಬಿಕೆಯಿಲ್ಲ. ಆ 74,500ರಲ್ಲಿ 45,000 ಕೇವಲ ಆಮ್ಲಜನಕದ ಬಾಬ್ತು. ಬೀದಿಮರದಿಂದ ಯಾರೂ ಸಿಲಿಂಡರ್ ತುಂಬಿಸಿಕೊಳ್ಳುವುದಿಲ್ಲ. ನೆರಳು, ತಂಪು, ಮಳೆನೀರನ್ನು ತಡೆದು ನೆಲಕ್ಕಿಳಿಸುವ ಕೆಲಸ, ಈ ಕಣ್ಣಿಗೆ ಕಾಣುವ ಉಪಕಾರಗಳಿಗೆ ಬೆಲೆ ಕಟ್ಟಿದ್ದರೆ ವಾದ ಇನ್ನೂ ಗಟ್ಟಿಯಾಗಿರುತ್ತಿತ್ತು. ಅಲ್ಲದೆ ಅದು ಸಮಿತಿಯ ಸೂತ್ರವೇ ಹೊರತು ಎಲ್ಲೆಡೆ ಅನ್ವಯವಾಗುವ ಕಾನೂನಲ್ಲ.

ನ್ಯೂಯಾರ್ಕ್ ನಗರದ ಲೆಕ್ಕ ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಅದಕ್ಕೆ ಒಂದು ಅಳತೆಪಟ್ಟಿ ಸಾಕು. ಅಲ್ಲಿ ಹೋದ ಮರದ ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಎಷ್ಟೋ, ಬದಲಿಗೆ ನೆಡುವ ಗಿಡಗಳ ಕಾಂಡಗಳ ವಿಸ್ತೀರ್ಣವೆಲ್ಲ ಕೂಡಿ ಅಷ್ಟಾಗಬೇಕು. ಇದನ್ನು ನಮ್ಮ ಮಳೆಮರಕ್ಕೆ ಹಚ್ಚಿ ನೋಡಿ. 220 ಸೆಂಟಿಮೀಟರ್ ಸುತ್ತಳತೆಯ ಮರದ ವ್ಯಾಸ ಸುಮಾರು 70 ಸೆಂಟಿಮೀಟರ್. ಅದಕ್ಕೆ ಸಮನಾಗಲು 5 ಸೆಂಟಿಮೀಟರ್ ವ್ಯಾಸದ ಗಿಡಗಳು 196 ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ನೆಡುವ ಹೆಬ್ಬೆರಳು ದಪ್ಪದ, 2 ಸೆಂಟಿಮೀಟರ್ ಸಸಿಗಳಾದರೆ 1,225. ಒಂದಕ್ಕೆ ಹತ್ತು ಸಸಿ ನೆಡುತ್ತೇವೆ ಎಂಬ ಪ್ರಕಟಣೆಯನ್ನು ಮುಂದಿನ ಸಲ ಓದುವಾಗ ಈ ಸಂಖ್ಯೆ ನೆನಪಿರಲಿ.

ದಂಡವನ್ನು ಎಷ್ಟೇ ಏರಿಸಿದರೂ, ಕಡಿದವನಿಗೆ ಅದಕ್ಕಿಂತ ಹೆಚ್ಚಿನ ಲಾಭವಿದ್ದರೆ ಅವನು ದಂಡವನ್ನು ಕಾಮಗಾರಿಯ ಖರ್ಚಿಗೆ ಸೇರಿಸಿಕೊಳ್ಳುತ್ತಾನೆ, ಅಷ್ಟೆ. ಆದ್ದರಿಂದ ನಾನು ಹೆಚ್ಚು ಮೆಚ್ಚುವುದು ಲಾಭದ ಬುಡಕ್ಕೇ ಕೈಹಾಕಿದ ಊರುಗಳನ್ನು. ಇಂಗ್ಲೆಂಡಿನ ಪೂಲ್ ಪಟ್ಟಣದಲ್ಲಿ ತನ್ನ ಮನೆಗೆ ಬೆಳಕು ಹೆಚ್ಚಲೆಂದು ಸಂರಕ್ಷಿತ ಮರವನ್ನು ಕಡಿಸಿದವನಿಗೆ 75,000 ಪೌಂಡ್ ದಂಡ ಬಿದ್ದಿತು. ಅದರ ಮೇಲೆ, ಮರ ಹೋದದ್ದರಿಂದ ಮನೆಯ ಬೆಲೆ ಏರಿದ್ದಕ್ಕೆಂದು 50,000 ಪೌಂಡ್‌ಗಳನ್ನು ಅಪರಾಧದ ಗಳಿಕೆಯಾಗಿ ಮುಟ್ಟುಗೋಲು ಹಾಕಿಕೊಳ್ಳಲಾಯಿತು. ಸಿಡ್ನಿಯಲ್ಲಿ ಕಡಲು ಕಾಣುವ ಮನೆಗಳಿಗೆ ಬೆಲೆ ವಿಪರೀತ. ಅಲ್ಲಿನ ಕ್ಯಾಸಲ್ ಕೋವ್ ಎಂಬಲ್ಲಿ 2023ರಲ್ಲಿ ಸಾರ್ವಜನಿಕ ಜಾಗದ 265 ಮರಗಳು ನೆಲಕ್ಕುರುಳಿದವು. ಕಡಿದವರ ಹೆಸರನ್ನು ಸಾಬೀತುಪಡಿಸುವುದು ಇಂಥಲ್ಲಿ ಬಹಳ ಕಷ್ಟ, ಏಕೆಂದರೆ ಲಾಭ ಹಲವರದು, ಗರಗಸ ಒಬ್ಬನದು, ಬಾಯಿ ಯಾರದೂ ಇಲ್ಲ. ಹಾಗಾಗಿ ಅಲ್ಲಿನ ಕೆಲವು ನಗರಸಭೆಗಳು ಆರೋಪಿಯನ್ನು ಹುಡುಕುವುದರ ಜೊತೆಗೆ ನೋಟವನ್ನೇ ಮುಚ್ಚಿಬಿಡುತ್ತವೆ: ಮರವಿದ್ದ ಜಾಗದಲ್ಲಿ ದೊಡ್ಡ ಫಲಕ ಅಥವಾ ಬಟ್ಟೆಯ ಪರದೆ ಕಟ್ಟುತ್ತವೆ. ಲೇನ್ ಕೋವ್ ನಗರಸಭೆಯಂತೂ ಹಡಗಿನ ಕಂಟೇನರ್‌ಗಳನ್ನು ಒಂದರ ಮೇಲೊಂದು ಪೇರಿಸಿ ಇಟ್ಟಿತು. ಹೊಸ ಗಿಡ ಬೆಳೆದು ಅದೇ ಎತ್ತರಕ್ಕೆ ಬರುವವರೆಗೂ ಸಮುದ್ರದ ಬದಲು ತಗಡಿನ ದರ್ಶನ.

ನಮ್ಮಲ್ಲಿ ಕಡಲಿಲ್ಲ, ಆದರೆ ಅಂಗಡಿಯ ಮುಂಭಾಗವಿದೆ, ಜಾಹೀರಾತು ಫಲಕವಿದೆ, ಕಾರು ನಿಲ್ಲಿಸುವ ಜಾಗವಿದೆ. ಅಕ್ರಮವಾಗಿ ಮರ ತೆಗೆದ ಕಟ್ಟಡದ ಮುಂದೆ ಅದೇ ಜಾಗದಲ್ಲಿ ಕಬ್ಬಿಣದ ಬೇಲಿಯೊಳಗೆ ಆಳೆತ್ತರದ ಗಿಡ ನೆಟ್ಟು, ಅದು ಬದುಕಿ ನಿಲ್ಲುವವರೆಗೆ ಕಟ್ಟಡಕ್ಕೆ ವಾಸಯೋಗ್ಯ ಪ್ರಮಾಣಪತ್ರವನ್ನಾಗಲಿ ವ್ಯಾಪಾರ ಪರವಾನಗಿಯನ್ನಾಗಲಿ ಕೊಡದಿದ್ದರೆ, ಯಾವ ಲಕ್ಷದ ದಂಡಕ್ಕಿಂತಲೂ ಅದು ಬೇಗ ನಾಟುತ್ತದೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮ ಮನೆಯೆದುರಿನ ಬೇವಿನ ಮರವನ್ನು ಯಾರೂ ಕಡಿದಿಲ್ಲ, ಆದರೆ ಅದು ಒಣಗುತ್ತಿದೆ. ಬುಡದಲ್ಲಿ ಸುತ್ತಲೂ ತೊಗಟೆ ಕೆತ್ತಿದ ಗುರುತಿದೆ, ಎರಡು ಕಡೆ ಬೆರಳು ಹೋಗುವಷ್ಟು ತೂತುಗಳಿವೆ. ಕಡಿಯದೆ ಕೊಂದರೆ ಅದು ಅಪರಾಧವಾಗುತ್ತದೆಯೆ?
— ಅಶೋಕನಗರ, ಮಂಡ್ಯ

ಉತ್ತರ: ಖಂಡಿತ ಆಗುತ್ತದೆ. ‘ಮರ ಕಡಿಯುವುದು’ ಎಂಬುದಕ್ಕೆ ನಮ್ಮ ಕಾಯ್ದೆ ಕೊಟ್ಟಿರುವ ಅರ್ಥದಲ್ಲಿ ಸುಡುವುದು, ಸುತ್ತ ತೊಗಟೆ ಕೆತ್ತುವುದು, ವಿಷ ಹಾಕುವುದು, ಬೇರಾವುದೇ ರೀತಿಯಲ್ಲಿ ಹಾನಿ ಮಾಡುವುದು ಎಲ್ಲವೂ ಸೇರಿವೆ. ಹೀಗೆ ಕೊಲ್ಲುವವರ ಎಣಿಕೆ ಸರಳ: ಹಸಿ ಮರ ಕಡಿಯಲು ಅನುಮತಿ ಸಿಗದು, ಒಣಗಿದ ಮರಕ್ಕೆ ಸುಲಭವಾಗಿ ಸಿಗುತ್ತದೆ, ಹಾಗಾಗಿ ಮೊದಲು ಒಣಗಿಸು, ಆಮೇಲೆ ಅರ್ಜಿ ಹಾಕು. ಒಣಗಿದ, ರೋಗ ಹಿಡಿದ, ಗಾಳಿಗೆ ಬಿದ್ದ ಅಥವಾ ಜೀವಕ್ಕೆ ಅಪಾಯ ತರುವಂಥ ಮರಕ್ಕೆ ಅನುಮತಿ ನಿರಾಕರಿಸಬಾರದೆಂದು ಕಾಯ್ದೆಯ 8ನೆಯ ಪ್ರಕರಣ ಹೇಳುವುದನ್ನೇ ಇವರು ಮೆಟ್ಟಿಲು ಮಾಡಿಕೊಳ್ಳುತ್ತಾರೆ. ಮರ ಒಣಗಿದ್ದು ಏಕೆ ಎಂಬ ಪ್ರಶ್ನೆಯನ್ನು ಪರಿಶೀಲನೆಗೆ ಬಂದ ಅಧಿಕಾರಿಯ ಮುಂದೆ ಎತ್ತುವವರು ಯಾರಾದರೂ ಇರಬೇಕು.

ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಅದನ್ನು ಉಂಗುರದಂತೆ ಪೂರ್ತಿ ಕಿತ್ತರೆ ನೀರು ಮೇಲೇರುವುದು ಕೆಲಕಾಲ ಮುಂದುವರಿಯುತ್ತದೆ, ಎಲೆಯೂ ಹಸುರಾಗಿಯೇ ಇರುತ್ತದೆ, ಬೇರು ಮಾತ್ರ ಹಸಿವಿನಿಂದ ಸಾಯುತ್ತಿರುತ್ತದೆ. ಕೆತ್ತಿದ ತಿಂಗಳುಗಳ ಬಳಿಕ ಮರ ಒಣಗುವುದರಿಂದ ‘ತಾನಾಗಿ ಸತ್ತಿತು’ ಎಂದು ಹೇಳಲು ಅನುಕೂಲ. ಸುತ್ತಳತೆಯಲ್ಲಿ ಅರ್ಧದಷ್ಟಾದರೂ ತೊಗಟೆ ಉಳಿದಿದ್ದರೆ ಮರ ಬದುಕುವ ಸಂಭವ ಹೆಚ್ಚು. ಪೂರ್ತಿ ಹೋಗಿದ್ದರೂ, ಗಾಯ ಹೊಸದಾಗಿದ್ದಲ್ಲಿ, ಅದೇ ಮರದ ಎಳೆಯ ಕಡ್ಡಿಗಳನ್ನು ಗಾಯದ ಮೇಲಿನಿಂದ ಕೆಳಕ್ಕೆ ಸೇತುವೆಯಂತೆ ಕಸಿ ಕಟ್ಟುವ ವಿಧಾನವಿದೆ. ತೋಟಗಾರಿಕೆ ಇಲಾಖೆಯಲ್ಲಿ ಕಸಿ ಬಲ್ಲವರನ್ನು ತಡಮಾಡದೆ ವಿಚಾರಿಸಿ.

ತೂತಿಗೆ ಏನು ತುಂಬಿದರೆಂಬುದರ ಬಗ್ಗೆ ಕೇರಿಗೊಂದು ಕಥೆಯಿರುತ್ತದೆ. ಆ್ಯಸಿಡ್ ಎನ್ನುವವರಿದ್ದಾರೆ, ಪಾದರಸ ಎನ್ನುವವರಿದ್ದಾರೆ, ಇಂಗು ಎನ್ನುವವರೂ ಇದ್ದಾರೆ. ಊಹೆಯನ್ನು ದೂರಿನಲ್ಲಿ ಬರೆಯಬೇಡಿ. ತೂತಿನ ಪಕ್ಕದಲ್ಲಿ ಒಂದು ನಾಣ್ಯ ಹಿಡಿದು ಚಿತ್ರ ತೆಗೆಯಿರಿ, ಒಳಗಿನದನ್ನು ನೀವೇ ಕೆದಕದೆ ಮಾದರಿ ತೆಗೆಯುವುದನ್ನು ಇಲಾಖೆಯವರಿಗೆ ಬಿಡಿ, ವಾರಕ್ಕೊಂದು ಸಲ ಅದೇ ಕೋನದಿಂದ ಮತ್ತೆ ಚಿತ್ರ ತೆಗೆದಿಡಿ. ಬುಡದ ಸುತ್ತ ಕಾಂಕ್ರೀಟ್ ಹಾಕಿದ್ದರೆ ಅದನ್ನೂ ಸೇರಿಸಿ ಬರೆಯಿರಿ. ದಿಲ್ಲಿಯ ಮರಗಳ ಸುತ್ತ ಒಂದು ಮೀಟರಿನಷ್ಟು ಜಾಗದ ಕಾಂಕ್ರೀಟನ್ನು ತೆಗೆಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿದೆ. ನಮ್ಮ ಊರಿನ ಬೇರುಗಳಿಗೂ ಗಾಳಿ ಅಷ್ಟೇ ಬೇಕು.

ಪ್ರಶ್ನೆ: ಖಾಸಗಿಯವರ ಮಾತು ಹಾಗಿರಲಿ, ಆಡಳಿತವೇ ಕಡಿಸಿದರೆ ಯಾರಿಗೆ ದೂರು ಕೊಡುವುದು? ಹೈದರ್ ಅಲಿ ರಸ್ತೆಯಲ್ಲಿ ಆದದ್ದನ್ನು ನಾವೆಲ್ಲ ನೋಡಿದ್ದೇವೆ.
— ನಜರ್‌ಬಾದ್, ಮೈಸೂರು

ಉತ್ತರ: 2025ರ ಏಪ್ರಿಲ್‌ನಲ್ಲಿ ರಸ್ತೆ ವಿಸ್ತರಣೆಗೆಂದು ಹೈದರ್ ಅಲಿ ರಸ್ತೆಯ 40 ಮರಗಳನ್ನು ಉರುಳಿಸಿದ್ದು ಅಕ್ರಮದ ಪಟ್ಟಿಗೆ ಸೇರದೆ ಹೋಗುವುದೇ ಅದರ ಕಹಿ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇತ್ತು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ತೆಗೆಯುವುದಾದರೆ ಮೊದಲು ಸಾರ್ವಜನಿಕರಿಂದ ಆಕ್ಷೇಪಣೆ ಆಹ್ವಾನಿಸಬೇಕೆಂದು ತಿದ್ದುಪಡಿಯಾದ ಕಾಯ್ದೆ ಹೇಳುತ್ತದೆ. 40 ಎಂಬುದು 50ಕ್ಕಿಂತ ಕಡಿಮೆ. ಐವತ್ತರ ಗೆರೆ ಎಳೆದವರು ಸಣ್ಣ ಕಾಮಗಾರಿಗಳಿಗೆ ವಿಳಂಬವಾಗದಿರಲಿ ಎಂದು ಎಳೆದಿರಬಹುದು, ಆದರೆ ಒಂದು ನಗರದ ರಸ್ತೆಗೆ ನಲವತ್ತು ಮರವೆಂದರೆ ಆ ರಸ್ತೆಯ ನೆರಳೆಲ್ಲ ಎಂದೇ ಅರ್ಥ. ನನ್ನ ಮಟ್ಟಿಗೆ, ಆ ಗೆರೆ ಹತ್ತಕ್ಕಾದರೂ ಇಳಿಯಬೇಕು.

ಕಾಗದ ಸರಿಯಿರುವ ಕಡಿತ ಮತ್ತು ಸರಿಯಾದ ಕಡಿತ ಎರಡೂ ಒಂದೇ ಅಲ್ಲ ಎಂಬುದನ್ನು ಇಂಗ್ಲೆಂಡಿನ ಶೆಫೀಲ್ಡ್ ನಗರ ಬಹಳ ನೋವಿನಿಂದ ಕಲಿತಿದೆ. ರಸ್ತೆ ನಿರ್ವಹಣೆಗೆಂದು 2012ರಲ್ಲಿ ಖಾಸಗಿ ಕಂಪನಿಯೊಡನೆ ಮಾಡಿಕೊಂಡ ದೀರ್ಘಾವಧಿ ಒಪ್ಪಂದದಲ್ಲಿ, ನಗರದ 36,000 ಬೀದಿಮರಗಳ ಪೈಕಿ 17,500ನ್ನು ತೆಗೆದು ಬೇರೆ ನೆಡುವ ಮಾತಿತ್ತು. ಆರೋಗ್ಯವಾಗಿದ್ದ ಮರಗಳೂ ಸಾವಿರಗಟ್ಟಲೆ ಬಿದ್ದವು. ಮರಗಳ ಕೆಳಗೆ ನಿಂತ ನಿವಾಸಿಗಳನ್ನು ಪೊಲೀಸರು ಬಂಧಿಸಿದರು. ಕಡೆಗೆ ಸರ್ ಮಾರ್ಕ್ ಲೊಕಾಕ್ ಅವರ ವಿಚಾರಣಾ ವರದಿ 2023ರಲ್ಲಿ ಬಂದ ಮೇಲೆ ನಗರಸಭೆ ಕ್ಷಮೆ ಕೇಳಿತು. ಬೇಲಿಯೇ ಎದ್ದು ಹೊಲ ಮೇಯ್ದಾಗ ದಂಡ ಕಟ್ಟುವವರೂ ವಸೂಲು ಮಾಡುವವರೂ ಒಬ್ಬರೇ ಆಗಿಬಿಡುವುದರಿಂದ, ಹೊರಗಿನ ವಿಚಾರಣೆಯಿಲ್ಲದೆ ಸತ್ಯ ಹೊರಬರುವುದಿಲ್ಲ.

ದಿಲ್ಲಿಯ ರಿಡ್ಜ್ ಪ್ರದೇಶದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರಸ್ತೆ ಅಗಲ ಮಾಡಲು ಅಲ್ಲಿನ ಅಭಿವೃದ್ಧಿ ಪ್ರಾಧಿಕಾರ ಸುಮಾರು 1,100 ಮರಗಳನ್ನು 2024ರ ಫೆಬ್ರವರಿಯಲ್ಲಿ ಕಡಿಸಿ ಮುಗಿಸಿ, ಅನಂತರ ಕಡಿಯಲು ಅನುಮತಿ ಬೇಡುವ ಅರ್ಜಿಯನ್ನು ಸುಪ್ರೀಂ ಕೋರ್ಟಿನ ಮುಂದೆ ಇಟ್ಟಿತ್ತು. 2025ರ ಮೇ ತಿಂಗಳಲ್ಲಿ ನ್ಯಾಯಾಲಯ ಅದನ್ನು ನ್ಯಾಯಾಂಗ ನಿಂದನೆಯೆಂದು ತೀರ್ಮಾನಿಸಿ, ಹೊಣೆಗಾರ ಅಧಿಕಾರಿಗಳಿಗೆ ತಲಾ 25,000 ರೂಪಾಯಿ ದಂಡ ವಿಧಿಸಿ, ದೊಡ್ಡ ಪ್ರಮಾಣದ ಅರಣ್ಯೀಕರಣಕ್ಕೆ ಆದೇಶಿಸಿತು. ದಂಡ ಸಂಸ್ಥೆಯ ಖಜಾನೆಗೆ ಬಿದ್ದರೆ ಅದನ್ನು ಕಟ್ಟುವುದು ತೆರಿಗೆ ಕೊಡುವ ನಾವೇ. ಅಧಿಕಾರಿಯ ಹೆಸರಿಗೇ ಬಿದ್ದಾಗ, ಮೊತ್ತ ಸಣ್ಣದಾದರೂ, ಮುಂದಿನ ಕಡತಕ್ಕೆ ಸಹಿ ಹಾಕುವ ಕೈ ಒಂದು ಕ್ಷಣ ತಡೆಯುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವುದಾದರೆ, ಅನುಮತಿಯೇ ತಪ್ಪೆನಿಸಿದಲ್ಲಿ ದಾರಿಯಿರುವುದು ಹೈಕೋರ್ಟಿನಲ್ಲಿ, ಅದೂ ಮರ ಬೀಳುವ ಮೊದಲು. ಮುಂಬೈಯ ಆರೆ ಪ್ರದೇಶದಲ್ಲಿ ಮೆಟ್ರೊ ಕಾರ್‌ಶೆಡ್ ವಿರುದ್ಧದ ಅರ್ಜಿಗಳನ್ನು ಹೈಕೋರ್ಟ್ ವಜಾ ಮಾಡಿದ್ದು 2019ರ ಅಕ್ಟೋಬರ್ 4ರ ಶುಕ್ರವಾರ. ಅಂದು ರಾತ್ರಿಯೇ ಗರಗಸ ಶುರುವಾಯಿತು. ಸೋಮವಾರ ಸುಪ್ರೀಂ ಕೋರ್ಟ್ ತಡೆ ನೀಡುವ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಮರಗಳು ಹೋಗಿದ್ದವು. ಮರದ ವಿಷಯದಲ್ಲಿ ತಡೆಯಾಜ್ಞೆ ಎರಡು ದಿನ ತಡವಾದರೆ ಅದು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಆದ್ದರಿಂದ ರಸ್ತೆ ವಿಸ್ತರಣೆಯ ಸುದ್ದಿ ಬಂದ ದಿನವೇ ಅದರ ನಕ್ಷೆಯನ್ನೂ ಮರಗಳ ಪಟ್ಟಿಯನ್ನೂ ಕೇಳಿ. ಕಾಂಡದ ಮೇಲೆ ಬಣ್ಣದಲ್ಲಿ ಸಂಖ್ಯೆ ಬರೆದಿರುವುದು ಕಂಡರೆ ಹೊತ್ತು ಮೀರುತ್ತಿದೆ ಎಂದು ತಿಳಿಯಿರಿ. ರಾತ್ರಿ ಅಥವಾ ರಜಾದಿನ ಗರಗಸದ ಸದ್ದು ಕೇಳಿದರೆ ಅರಣ್ಯ ಸಹಾಯವಾಣಿ 1926 ಮತ್ತು ಪೊಲೀಸ್ 112, ಎರಡಕ್ಕೂ ಕರೆ ಮಾಡಿ, ಕರೆಯ ಸಮಯವನ್ನು ಬರೆದಿಟ್ಟುಕೊಳ್ಳಿ.

ಪ್ರಶ್ನೆ: ನನಗೆ ಎಪ್ಪತ್ತೆರಡು ವರ್ಷ. ಮನೆಯ ಮುಂದಿನ ಮಳೆಮರದ ಒಂದು ದೊಡ್ಡ ಕೊಂಬೆ ನಮ್ಮ ಮಾಳಿಗೆಯ ಮೇಲೇ ಬಾಗಿದೆ. ಗಾಳಿಮಳೆ ಬಂದರೆ ನಿದ್ದೆ ಬರುವುದಿಲ್ಲ. ನಾನು ಕಡಿಸಿದರೆ ನನ್ನ ಮೇಲೂ ಕೇಸು ಹಾಕುತ್ತಾರೆಯೆ?
— ಕಲ್ಲಹಳ್ಳಿ, ಮಂಡ್ಯ

ಉತ್ತರ: ನಿಮ್ಮ ಭಯ ನ್ಯಾಯವಾದದ್ದು, ಏಪ್ರಿಲ್–ಮೇ ತಿಂಗಳ ಗಾಳಿಗೆ ಮಳೆಮರದ ಭಾರದ ಕೊಂಬೆಗಳು ಮುರಿಯುವುದು ಹೊಸದಲ್ಲ. ಆದರೆ ನೀವೇ ಆಳು ಕರೆಸಬೇಡಿ. ನಗರಸಭೆಗೂ ವೃಕ್ಷಾಧಿಕಾರಿಗೂ ಚಿತ್ರದೊಡನೆ ಅರ್ಜಿ ಕೊಟ್ಟು, ಆ ಒಂದು ಕೊಂಬೆಯನ್ನು ಮಾತ್ರ ತೆಗೆಸಿಕೊಡಲು ಕೇಳಿ. ಕೆಲಸಕ್ಕೆ ಬಂದವರು ಒಂದೇ ಬದಿಯ ಕೊಂಬೆಗಳನ್ನೆಲ್ಲ ಸವರಲು ಹೊರಟರೆ ತಡೆಯಿರಿ, ತೂಕ ತಪ್ಪಿದ ಮರ ಮುಂದಿನ ಗಾಳಿಗೆ ಬುಡಸಮೇತ ಬೀಳಬಹುದು. ನಮ್ಮ ಮನೆಯ ಮುಂದೆ ಹಿಂದೊಮ್ಮೆ ತಂತಿಗೆ ತಾಗುತ್ತದೆಂದು ಬಂದವರು ಹೀಗೆಯೇ ಅರ್ಧ ಮರ ಬೋಳಿಸಿ ಹೋದರು. ಉಳಿದರ್ಧ ಎರಡನೆಯ ಮಳೆಗಾಲದಲ್ಲಿ ಅದೇ ತಂತಿಯ ಮೇಲೆ ಮಲಗಿತು.

ಪ್ರಶ್ನೆ: ಮರಗಣತಿ ಮಾಡಬೇಕಾದುದು ಸರ್ಕಾರವೇ ಅಥವಾ ನಮ್ಮ ಬಡಾವಣೆಯವರೂ ಮಾಡಬಹುದೆ?
— ಜಯಲಕ್ಷ್ಮೀಪುರಂ, ಮೈಸೂರು

ಉತ್ತರ: ಕಾಯ್ದೆಯ ಪ್ರಕಾರ ಅದು ವೃಕ್ಷ ಪ್ರಾಧಿಕಾರದ, ಅಂದರೆ ಅದೇ ಕಾಯ್ದೆಯಂತೆ ಸರ್ಕಾರ ರಚಿಸುವ ಮಂಡಳಿಯ ಕರ್ತವ್ಯ. ಆದರೆ ಮೇಲಿನ ಮೊದಲ ಪತ್ರ ಬರೆದವರ ಕೈಯಲ್ಲಿ ಆ ಹೊಂಗೆಯ ಸುತ್ತಳತೆ ಮತ್ತು ದಿನಾಂಕವಿರುವ ಒಂದು ಚಿತ್ರ ಇದ್ದಿದ್ದರೆ ಅವರ ಕೆಲಸ ಎಷ್ಟು ಹಗುರವಾಗುತ್ತಿತ್ತು ಎಂದು ಯೋಚಿಸಿ. ಪ್ರಾಧಿಕಾರದ ಗಣತಿಗೆ ಕಾಯದೆ ನೀವು ಶುರು ಮಾಡಲು ಯಾವ ಅಡ್ಡಿಯೂ ಇಲ್ಲ. ಒಂದು ಬೀದಿಗೆ ಒಂದು ನೋಟ್‌ಬುಕ್ಕು ಸಾಕು. ಮರದ ಜಾತಿ, ಎದುರಿನ ಮನೆಯ ಸಂಖ್ಯೆ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ, ಬುಡದ ಸುತ್ತ ಮಣ್ಣಿದೆಯೋ ಕಾಂಕ್ರೀಟಿದೆಯೋ, ಮೊಳೆ ಹೊಡೆದಿದ್ದಾರೆಯೋ, ಒಂದು ಚಿತ್ರ. ಮುಗಿದ ಮೇಲೆ ಪಟ್ಟಿಯ ಒಂದು ಪ್ರತಿಯನ್ನು ಪಾಲಿಕೆಗೆ, ಇನ್ನೊಂದನ್ನು ವೃಕ್ಷಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮೊಹರು ಬಿದ್ದ ದಿನದಿಂದ ‘ಅಲ್ಲಿ ಮರವೇ ಇರಲಿಲ್ಲ’ ಎನ್ನುವುದು ಯಾರಿಗೂ ಸುಲಭವಲ್ಲ. ವರ್ಷಕ್ಕೊಮ್ಮೆ ಮತ್ತೆ ಅಳೆಯಿರಿ. ಅಳೆಯಲು ದರ್ಜಿಯ ಟೇಪು ಸಾಲುತ್ತದೆ ಎಂದುಕೊಳ್ಳಬೇಡಿ, ಅದು 150 ಸೆಂಟಿಮೀಟರಿಗೆ ಮುಗಿಯುತ್ತದೆ. ನಿಮ್ಮ ಕಡೆಯ ಹಳೆಯ ಮರಗಳಿಗೆ ಒಂದು ನೂಲಿನ ಹಗ್ಗವನ್ನು ಜೊತೆಗೆ ಒಯ್ಯಿರಿ.